ಬೂಟು ಕಚ್ಚಿದರೆ, ಜಾರಿದರೆ, ಬಾಯಿ ಬಿಟ್ಟರೆ: ಪುಣೆಯ ಗುಡ್ಡ ನಡಿಗೆಯವರಿಗೆ ದೋಷ ನಿವಾರಣೆ ಕೈಪಿಡಿ

ಸಿಂಹಗಡ ಇಳಿದು ಆತಕರವಾಡಿಯಲ್ಲಿ ಬಸ್ಸಿಗೆ ಕಾಯುವಾಗ ನಮ್ಮ ಗುಂಪಿನಲ್ಲಿ ಯಾರಾದರೊಬ್ಬರು ಬೂಟು ಬಿಚ್ಚಿ ಕಾಲು ನೋಡಿಕೊಳ್ಳುತ್ತಾ ಕೂತಿರುತ್ತಾರೆ. ವಿಜಯಪುರ, ಕಲಬುರಗಿ, ಧಾರವಾಡದ ಕಡೆಯಿಂದ ಕೆಲಸಕ್ಕೆಂದು ಪುಣೆಗೆ ಬಂದು, ಭಾನುವಾರ ಗಡ, ಅಂದರೆ ಗುಡ್ಡದ ಮೇಲಿನ ಕೋಟೆ, ಹತ್ತುವ ರೂಢಿಗೆ ಬಿದ್ದವರು ನಾವು. ಕಾಲು ನೊಂದವರ ಬಾಯಲ್ಲಿ ಬರುವ ಮಾತು ಒಂದೇ: ಈ ಬೂಟು ಸರಿ ಇಲ್ಲ, ಹೊಸದು ತಗೋಬೇಕು. ಆಗ ನಾನು ತಡೆಯುತ್ತೇನೆ. ತಪ್ಪು ಲೇಸಿನಲ್ಲಿರಬಹುದು, ಕಾಲುಚೀಲದಲ್ಲಿರಬಹುದು, ಅರ್ಧ ಅಳತೆಯ ವ್ಯತ್ಯಾಸದಲ್ಲಿರಬಹುದು. ಅದು ಎಲ್ಲಿದೆ ಎಂದು ಗೊತ್ತಾಗದೆ ಕೊಂಡ ಹೊಸ ಬೂಟು ಹಳೆಯ ಜಾಗದಲ್ಲೇ ಕಚ್ಚುತ್ತದೆ. ಎಷ್ಟೋ ಜನ ಹೀಗೆ ಎರಡು ಮೂರು ಜೋಡಿಗೆ ದುಡ್ಡು ಹಾಕಿ, ಕೊನೆಗೆ "ಗುಡ್ಡ ನಮಗೆ ಒಗ್ಗುವುದಿಲ್ಲ" ಎಂದು ಬಿಟ್ಟುಬಿಟ್ಟಿದ್ದಾರೆ. ಅದನ್ನು ನೋಡಿ ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಿಮಗೆ ಕಾಣುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಿ. ಪ್ರತಿಯೊಂದರಲ್ಲೂ ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ, ಹೊಸ ಬೂಟು ಕೊನೆಗೆ.

ಒಂದು ಮಾತು ಮಾತ್ರ ಎಲ್ಲಕ್ಕಿಂತ ಮೊದಲು. ಸಕ್ಕರೆ ಕಾಯಿಲೆ ಇರುವವರಿಗೆ ಅಂಗಾಲಿನ ಸ್ಪರ್ಶ ಕಡಿಮೆಯಾಗಿರಬಹುದು; ಬೊಬ್ಬೆ ಎದ್ದದ್ದೂ, ಹರಳು ಒತ್ತಿದ್ದೂ ಗೊತ್ತೇ ಆಗುವುದಿಲ್ಲ. ಅಂಥವರು ನೋವಿಗಾಗಿ ಕಾಯಬಾರದು. ಹಾಕುವ ಮುನ್ನ ಬೂಟಿನೊಳಗೆ ಕೈಯಾಡಿಸಿ, ಬಿಚ್ಚಿದ ಮೇಲೆ ಕನ್ನಡಿ ಹಿಡಿದು ಅಂಗಾಲು ನೋಡಿ. ಸಣ್ಣ ಗಾಯ ಕಂಡರೂ ಮನೆಮದ್ದಿಗೆ ಕೂರದೆ ವೈದ್ಯರಲ್ಲಿಗೆ ಹೋಗಿ.

ಹಿಮ್ಮಡಿಯಲ್ಲಿ ಉರಿ, ಆಮೇಲೆ ಬೊಬ್ಬೆ

ಬೊಬ್ಬೆ ಒಮ್ಮೆಲೇ ಏಳುವುದಿಲ್ಲ. ಮೊದಲು ಆ ಜಾಗ ಬಿಸಿಯಾಗುತ್ತದೆ, ಚುರುಚುರು ಎನ್ನುತ್ತದೆ. ಗುಂಪು ಮುಂದೆ ಹೋಗಿಬಿಡುತ್ತದೆಂದು ನಾಚಿಕೊಂಡು ನಡೆದವರಿಗೆ ಅರ್ಧ ಗಂಟೆಯಲ್ಲಿ ಗುಳ್ಳೆ ಖಚಿತ. ಉರಿ ಹತ್ತಿದಾಗಲೇ ಕೂತು, ಬೂಟು ಬಿಚ್ಚಿ, ಕಾಲು ಒಣಗಿಸಿ, ಆ ಜಾಗಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ ಬಟ್ಟೆಯ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿ. ಐದು ನಿಮಿಷದ ಕೆಲಸ.

ಒದ್ದೆ ಚರ್ಮ ಕಾಲುಚೀಲಕ್ಕೆ ಅಂಟಿಕೊಳ್ಳುತ್ತದೆ, ಒಳಗಿನ ಎಲುಬು ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಆಡುತ್ತದೆ. ನಡುವಿನ ಪದರ ಹರಿದು ಅಲ್ಲಿ ನೀರು ತುಂಬುತ್ತದೆ. ಆದ್ದರಿಂದ ನಾವು ಹುಡುಕಬೇಕಾದದ್ದು ಎರಡೇ: ಹಿಮ್ಮಡಿ ಏಕೆ ಆಡುತ್ತಿದೆ, ಕಾಲು ಏಕೆ ಒದ್ದೆಯಾಗಿದೆ.

ಲೇಸಿನಿಂದ ಶುರುಮಾಡಿ. ಹೆಚ್ಚಿನ ಬೂಟುಗಳಲ್ಲಿ ತುದಿಯಲ್ಲಿ ಒಂದು ರಂಧ್ರ ಬಳಸದೆ ಉಳಿದಿರುತ್ತದೆ. ಲೇಸನ್ನು ಅದೇ ಬದಿಯ ಆ ಕೊನೆಯ ರಂಧ್ರಕ್ಕೆ ಹೊರಗಿನಿಂದ ಒಳಕ್ಕೆ ಹಾಕಿ ಒಂದು ಸಣ್ಣ ಕುಣಿಕೆ ಬಿಡಿ. ಇನ್ನೊಂದು ಬದಿಯಲ್ಲೂ ಹಾಗೇ ಮಾಡಿ. ಎಡ ತುದಿಯನ್ನು ಬಲ ಕುಣಿಕೆಯೊಳಗೆ, ಬಲ ತುದಿಯನ್ನು ಎಡ ಕುಣಿಕೆಯೊಳಗೆ ತೂರಿಸಿ, ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಹಿಂದಕ್ಕೆ ಕೂತು ಗಟ್ಟಿಯಾಗುತ್ತದೆ. ನಾನು ಇದಕ್ಕೆ ಹಿಮ್ಮಡಿ ಬೀಗ ಎನ್ನುತ್ತೇನೆ. ಇದೊಂದರಿಂದಲೇ ದೂರು ನಿಂತವರು ನಮ್ಮಲ್ಲಿ ಹಲವರಿದ್ದಾರೆ.

ನಂತರ ಕಾಲುಚೀಲ. ಹತ್ತಿಯದು ಬೆವರು ಹೀರಿ ಹಿಡಿದುಕೊಳ್ಳುತ್ತದೆ, ಒಣಗುವುದಿಲ್ಲ. ಪಾಲಿಯೆಸ್ಟರ್ ಇಲ್ಲವೇ ಉಣ್ಣೆ ಬೆರೆತದ್ದು ವಾಸಿ. ಒಳಗೊಂದು ತೆಳ್ಳಗಿನದು, ಹೊರಗೊಂದು ದಪ್ಪದ್ದು ಹಾಕಿದರೆ ಉಜ್ಜಾಟ ಚರ್ಮದ ಮೇಲೆ ಆಗುವ ಬದಲು ಎರಡು ಚೀಲಗಳ ನಡುವೆ ಆಗುತ್ತದೆ. ಆದರೆ ಬೂಟಿನಲ್ಲಿ ಅದಕ್ಕೆ ಜಾಗವಿರಬೇಕು. ಇಷ್ಟಾದರೂ ಕಚ್ಚಿದರೆ ಬೂಟಿನ ಹಿಂಭಾಗದೊಳಗೆ ಬೆರಳಾಡಿಸಿ. ಅಸ್ತರಿ ಹರಿದು ಗಟ್ಟಿ ಪ್ಲಾಸ್ಟಿಕ್ ಕೈಗೆ ತಾಗಿದರೆ ಬೇರೆಲ್ಲೂ ಹುಡುಕಬೇಕಾಗಿಲ್ಲ. ಚಪ್ಪಲಿ ಹೊಲಿಯುವವರು ಅಲ್ಲಿಗೆ ತೆಳು ಚರ್ಮ ಕೂರಿಸಿ ಹೊಲಿದು ಕೊಡುತ್ತಾರೆ.

ಅಂಗಡಿಯವರು "ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಎಂದರೆ ಬೂಟು ಯಾವುದರಿಂದ ಮಾಡಿದ್ದು ನೋಡಿ. ಆ ಮಾತು ತೊಗಲಿನ ಕಾಲದ್ದು. ನಮ್ಮ ಮನೆಗಳಲ್ಲಿ ಹೊಸ ಕೊಲ್ಹಾಪುರಿ ಮೆಟ್ಟಿಗೆ ಎಣ್ಣೆ ಸವರಿ, ನಾಲ್ಕು ದಿನ ಒಳಗೇ ಹಾಕಿಕೊಂಡು ಓಡಾಡಿ ಹದಕ್ಕೆ ತರುತ್ತಿದ್ದರು. ತೊಗಲು ಕಾಲಿಗೆ ತಕ್ಕಂತೆ ಬಾಗುತ್ತದೆ. (ಆ ಮೆಟ್ಟು ಬರೀ ಕೊಲ್ಹಾಪುರದ್ದಲ್ಲ. 2019ರಲ್ಲಿ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸೇರಿದೆ.) ಜಾಲರಿ ಬಟ್ಟೆ, ಪ್ಲಾಸ್ಟಿಕ್ ಪಟ್ಟಿಗಳ ಇಂದಿನ ಬೂಟು ಹಾಗೆ ಸಡಿಲುವುದು ತೀರಾ ಕಡಿಮೆ. ಅಂಗಡಿಯಲ್ಲಿ ಒತ್ತಿದ್ದು ಗುಡ್ಡದಲ್ಲೂ ಒತ್ತುತ್ತದೆ.

ಬೊಬ್ಬೆ ಎದ್ದರೆ ಮೇಲಿನ ಚರ್ಮ ಕೀಳಬೇಡಿ, ಅದೇ ಗಾಯಕ್ಕೆ ಹೊದಿಕೆ. ಸುತ್ತ ಕೆಂಪು ಹಬ್ಬಿದರೆ, ಕೀವಾದರೆ, ಕೆಂಪು ಗೆರೆ ಕಾಲಿನ ಮೇಲಕ್ಕೆ ಏರಿದರೆ ಅಥವಾ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಿ.

ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಬೆರಳು ನೋವು, ಉಗುರು ಕಪ್ಪು

ತೋರಣಾ ಗಡ 1403 ಮೀಟರ್ ಎತ್ತರದ್ದು, ಇಳಿಜಾರು ಮೊಣಕಾಲು ನಡುಗಿಸುವಂಥದ್ದು. ಅಲ್ಲಿಂದ ಇಳಿಯುವಾಗ ವಿಜಯಪುರದ ಹುಡುಗನೊಬ್ಬ ಬಂಡೆಯ ಮೇಲೆ ಕೂತುಬಿಟ್ಟ. "ಅಣ್ಣಾ, ಏರೂಮುಂದ ಏನೂ ಆಗಲಿಲ್ರೀ, ಇಳಿಯೂಮುಂದ ಬೆರಳು ಮುಂದ ಬಡಿಯಾಕತ್ತಾವ." ಅವನ ಮಾತಿನಲ್ಲೇ ರೋಗಪತ್ತೆ ಇತ್ತು. ಇಳಿಜಾರಿನಲ್ಲಿ ಪಾದ ಬೂಟಿನೊಳಗೆ ಮುಂದಕ್ಕೆ ಜಾರಿ, ಪ್ರತಿ ಹೆಜ್ಜೆಗೂ ಹೆಬ್ಬೆರಳ ಉಗುರು ಗೋಡೆಗೆ ಗುದ್ದುತ್ತದೆ. ಉಗುರಿನಡಿ ರಕ್ತ ಹೆಪ್ಪುಗಟ್ಟಿ ಕಪ್ಪಾಗುತ್ತದೆ. ಬೂಟು ಗಿಡ್ಡವಾಗಿರಬೇಕು, ಇಲ್ಲವೇ ಅಳತೆ ಸರಿಯಿದ್ದು ಕಟ್ಟು ಸಡಿಲವಾಗಿರಬೇಕು.

ಯಾವುದೆಂದು ಹೀಗೆ ತಿಳಿಯಬಹುದು. ಲೇಸು ಪೂರ್ತಿ ಬಿಚ್ಚಿ, ಬೆರಳು ಮುಂದಿನ ಗೋಡೆಗೆ ತಾಗುವವರೆಗೆ ಪಾದ ಮುಂದೆ ತಳ್ಳಿ ನಿಂತುಕೊಳ್ಳಿ. ಹಿಮ್ಮಡಿಯ ಹಿಂದೆ ಒಂದು ತೋರುಬೆರಳು ಸಲೀಸಾಗಿ ಇಳಿಯಬೇಕು. ಇಳಿಯದಿದ್ದರೆ ಬೂಟು ಗಿಡ್ಡ, ಯಾವ ಲೇಸೂ ಅದನ್ನು ಉದ್ದ ಮಾಡದು. ಇಳಿದರೆ, ಹಿಮ್ಮಡಿ ಬೀಗ ಹಾಕಿ ಕಟ್ಟಿ, ಮೆಟ್ಟಿಲ ಅಂಚಿನಲ್ಲಿ ಬೆರಳು ಕೆಳಮುಖವಾಗುವಂತೆ ನಿಂತು ಮೂರು ಸಲ ಗಟ್ಟಿಯಾಗಿ ತುಳಿಯಿರಿ. ಬೆರಳು ತಾಗದಿದ್ದರೆ ದೋಷ ಕಟ್ಟಿನದ್ದಾಗಿತ್ತು, ಬೂಟು ಉಳಿಯಿತು. ಇಳಿಯಲು ಶುರುಮಾಡುವ ಮುನ್ನ ಗಡದ ಮೇಲೆಯೇ ಲೇಸು ಮತ್ತೆ ಕಟ್ಟುವುದನ್ನು ರೂಢಿ ಮಾಡಿಕೊಳ್ಳಿ. ಸಿಂಹಗಡದಲ್ಲಿ ಪಿಠಲ–ಭಾಕರಿ, ಮಡಕೆ ಮೊಸರು ತಿಂದು ಏಳುವ ಹೊತ್ತು ಅದಕ್ಕೆ ಹೇಳಿ ಮಾಡಿಸಿದ್ದು.

ಇನ್ನೊಂದು ಪರೀಕ್ಷೆ ನನಗೆ ತುಂಬ ನೆಚ್ಚಿನದು. ಬೂಟಿನೊಳಗಿನ ಇನ್‌ಸೋಲ್ ಹೊರಗೆಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದ ಎಲ್ಲಿ ಹೊರಚಾಚುತ್ತದೋ ಅಲ್ಲಿ ಬೂಟು ಒತ್ತುತ್ತಿದೆ. ಹಳೆಯ ಇನ್‌ಸೋಲ್ ಮೇಲಿನ ಬೆರಳಚ್ಚು ಅಂಚಿಗೇ ಬಂದಿದ್ದರೆ ಅದೂ ಸಾಕ್ಷಿ. ಹೆಚ್ಚಿನವರ ಎರಡು ಪಾದ ಒಂದೇ ಅಳತೆಯವಲ್ಲ. ದೊಡ್ಡದಕ್ಕೆ ತಕ್ಕಂತೆ ಕೊಳ್ಳಬೇಕು. ನಡೆದಂತೆಲ್ಲ ಪಾದ ಊದುತ್ತದೆ. ಹಾಗಾಗಿ ಅಂಗಡಿಗೆ ಸಂಜೆ ಹೋಗಿ, ಗುಡ್ಡಕ್ಕೆ ಹಾಕುವ ಕಾಲುಚೀಲ ಜೇಬಿನಲ್ಲಿಟ್ಟುಕೊಂಡು ಹೋಗಿ. ನಮ್ಮಲ್ಲಿ ಮಾರುವ ಯುಕೆ ಅಳತೆಯಲ್ಲಿ ಒಂದು ಸಂಖ್ಯೆಗೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ, ಅರ್ಧಕ್ಕೆ ಸುಮಾರು 4. ಕಚೇರಿಯ ಬೂಟಿನ ಅಳತೆಯನ್ನೇ ಗುಡ್ಡಕ್ಕೂ ಕೊಂಡವರ ಬೆರಳಿಗೆ ಬೇಕಾಗಿದ್ದದ್ದು ಎಷ್ಟೋ ಸಲ ಆ ಅರ್ಧವೇ. ತೋರಣಾದ ಹುಡುಗನಿಗೂ ಅಷ್ಟೇ ಸಾಕಾಯಿತು.

ಕಪ್ಪಾದ ಉಗುರು ಸಾಮಾನ್ಯವಾಗಿ ತಾನಾಗಿ ಬೆಳೆದು ಹೊರಬೀಳುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ತಡೆಯಲಾಗದಂತೆ ಜುಮುಜುಮು ನೋವಿದ್ದರೆ, ಉಗುರು ಬುಡದಿಂದ ಎದ್ದರೆ, ಕಲ್ಲು ಬಿದ್ದು ಆಗಿದ್ದರೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಸೂಜಿಯಿಂದ ಚುಚ್ಚಬೇಡಿ. ಪೆಟ್ಟೇ ಆಗದೆ ಬಂದ, ಉಗುರು ಬೆಳೆದರೂ ಮುಂದೆ ಸರಿಯದ ಕಪ್ಪು ಕಲೆಯನ್ನು ಚರ್ಮವೈದ್ಯರು ನೋಡಲೇಬೇಕು.

ಬೆರಳು ಜೋಮು ಹಿಡಿಯುತ್ತದೆ

ಪಾದದ ಮೇಲ್ಭಾಗದಲ್ಲಿ ಲೇಸು ನರವನ್ನು ಒತ್ತುತ್ತಿರಬಹುದು. ನೋವಿರುವ ಜಾಗದಲ್ಲಿ ಲೇಸನ್ನು ಅಡ್ಡ ಹಾಯಿಸದೆ ಆಯಾ ಬದಿಯಲ್ಲೇ ನೇರ ಮೇಲಕ್ಕೆ ಒಯ್ದು ಒಂದು ಕಿಟಕಿ ಬಿಡಿ. ಕಿರುಬೆರಳ ಕಡೆ ಜೋಮಿದ್ದರೆ ಬೂಟು ಅಗಲ ಸಾಲದು. ಉದ್ದ ಹೆಚ್ಚಿಸಿದರೆ ಅದು ಸರಿಹೋಗುವುದಿಲ್ಲ, ಅಗಲ ಮುಂಭಾಗದ್ದೇ ಬೇಕು. ಬೂಟು ಬಿಚ್ಚಿ ಗಂಟೆ ಕಳೆದರೂ ಜೋಮು ಬಿಡದಿದ್ದರೆ ವೈದ್ಯರ ಕೆಲಸ.

ಜಾರುತ್ತದೆ

ಇಲ್ಲಿ ನಿಧಾನವಾಗಿ ಓದಿ. ಬೊಬ್ಬೆ ವಾರದಲ್ಲಿ ಮಾಯುತ್ತದೆ, ಜಾರಿದ ಹೆಜ್ಜೆ ಪ್ರಾಣಕ್ಕೆ ಬರಬಹುದು. "ಬೂಟು ಜಾರುತ್ತದೆ" ಎಂದವರನ್ನು ನಾನು ಮೊದಲು ಕೇಳುವುದು: ಎಲ್ಲಿ, ಯಾವ ತಿಂಗಳಲ್ಲಿ? ಸಹ್ಯಾದ್ರಿಯಲ್ಲಿ ಜಾರುವಿಕೆ ಮೂರು ಬಗೆಯದು, ಮೂರಕ್ಕೂ ಕಾರಣ ಬೇರೆ.

ಮೊದಲನೆಯದು ಮಳೆಗಾಲದ ಕಲ್ಲು. ಇಲ್ಲಿನ ಬಂಡೆ ಲಾವಾ ತಣ್ಣಗಾಗಿ ಆದ ಕಪ್ಪು ಬಸಾಲ್ಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಹರಿದು ಅದರ ಮೇಲೆ ಪಾಚಿ ಕಟ್ಟುತ್ತದೆ. ಬರೀ ಒದ್ದೆ ಬಂಡೆಯ ಮೇಲೆ ಮೆದು ರಬ್ಬರು ಹಿಡಿಯುತ್ತದೆ, ಗಟ್ಟಿ ರಬ್ಬರು ಹಿಡಿಯುವುದಿಲ್ಲ. ಪಾಚಿಯ ಮೇಲೆ ಯಾವ ಬೂಟೂ ಹಿಡಿಯುವುದಿಲ್ಲ. ಎಷ್ಟೇ ಬೆಲೆ ಕೊಟ್ಟು ತಂದಿರಲಿ, ರಬ್ಬರಿಗೂ ಕಲ್ಲಿಗೂ ನಡುವೆ ಲೋಳೆ ಇರುತ್ತದೆ. ಹಸಿರು ಅಥವಾ ಕರಿ ಮಿರುಗು ಕಂಡ ಕಲ್ಲಿನ ಮೇಲೆ ಕಾಲಿಡದಿರುವುದೊಂದೇ ಉಪಾಯ. ಒರಟು ಕಲ್ಲು, ಹುಲ್ಲಿನ ಬುಡ, ಮೆಟ್ಟಿಲಿನ ಒಳಮೂಲೆ ಹುಡುಕಿ ಕಾಲಿಡಿ.

ರಬ್ಬರು ಮೆದುವೋ ಗಟ್ಟಿಯೋ ತಿಳಿಯಲು ಹೆಬ್ಬೆರಳ ಉಗುರನ್ನು ಅಟ್ಟೆಯ ಗುಬ್ಬಿಗೆ (ಕೆಳಗೆ ಎದ್ದು ನಿಂತ ರಬ್ಬರು ಉಬ್ಬಿಗೆ) ಒತ್ತಿ. ಸ್ವಲ್ಪ ತಗ್ಗಿ ಮತ್ತೆ ಮೇಲೆದ್ದರೆ ಜೀವ ಇದೆ. ಪ್ಲಾಸ್ಟಿಕ್ ಒತ್ತಿದಂತೆ ಉಗುರೇ ಜಾರಿದರೆ ಒದ್ದೆ ಬಂಡೆಗೆ ಅದು ಬೇಡ. ಹಳೆಯ ಬೂಟಿನ ರಬ್ಬರು ವರ್ಷ ಕಳೆದಂತೆ ಗಟ್ಟಿಯಾಗುತ್ತದೆ, ಗುಬ್ಬಿಗಳು ಸವೆಯದೆ ಹೊಸದರಂತೆ ಕಾಣುತ್ತಿದ್ದರೂ. ಕಾರ್ಖಾನೆಯ ಸೇಫ್ಟಿ ಶೂ ಹಾಕಿಕೊಂಡು ಬರುವ ಚಾಕಣ, ಪಿಂಪ್ರಿ ಕಡೆಯ ಗೆಳೆಯರಿಗೆ ನನ್ನ ಕಳಕಳಿಯ ಮಾತು: ಆ ಬೂಟಿನ ಉಕ್ಕಿನ ಮೂತಿ ಇಳಿಜಾರಿನಲ್ಲಿ ಬೆರಳು ಕಡಿಯುತ್ತದೆ, ಅಟ್ಟೆ ಎಣ್ಣೆ ಬಿದ್ದ ನೆಲಕ್ಕೆಂದು ಮಾಡಿದ್ದು, ಬಂಡೆಗಲ್ಲ.

ಎರಡನೆಯದು ಕೆಸರು. ಗುಬ್ಬಿಗಳ ನಡುವೆ ಮಣ್ಣು ತುಂಬಿ ಅಟ್ಟೆ ಚಪ್ಪಟೆಯಾಗುತ್ತದೆ. ಗುಬ್ಬಿ ನಾಲ್ಕೈದು ಮಿಲಿಮೀಟರ್ ಎತ್ತರವಿದ್ದು, ದೂರ ದೂರ ಇದ್ದರೆ ಮಣ್ಣು ತಾನೇ ಉದುರುತ್ತದೆ. ಓಡುವ ಬೂಟಿಗೆ ಇದಿಲ್ಲ, ಎಷ್ಟೋ ಕಡೆ ರಬ್ಬರೂ ಇಲ್ಲದೆ ಬರೀ ಸ್ಪಂಜು ನೆಲ ಮುಟ್ಟುತ್ತದೆ. ಮುಂಗಾಲಿನಡಿಯ ಗುಬ್ಬಿ ನೋಡಿ. ಅದು ನೆಲಸಮವಾಗಿದ್ದರೆ ಹಿಮ್ಮಡಿಯಲ್ಲಿ ಎಷ್ಟು ಉಳಿದಿದ್ದರೂ ಮಳೆಗಾಲಕ್ಕೆ ಆ ಜೋಡಿ ಸಾಕುಮಾಡಿ. ಊರೊಳಗಿನ ಸಣ್ಣ ಗುಡ್ಡ ವೇತಾಳ ಟೇಕಡಿಯ ಬೆಳಗಿನ ನಡಿಗೆಗೆ ಇನ್ನೂ ಒಂದು ವರ್ಷ ಬಾಳಬಹುದು.

ಮೂರನೆಯದು ಒಣಗಾಲದ್ದು, ಹೊಸಬರು ನಿರೀಕ್ಷಿಸದೇ ಇರುವುದು. ಫೆಬ್ರುವರಿಯಿಂದ ಮೇವರೆಗೆ ಹುಲ್ಲು ಒಣಗಿ, ಮಣ್ಣು ಸಡಿಲಾಗಿ, ಹರಳುಕಲ್ಲು ಉರುಳುವ ಇಳಿಜಾರನ್ನು ಇಲ್ಲಿನ ಚಾರಣಿಗರು ಘಸಾರಾ ಎನ್ನುತ್ತಾರೆ. ರಾಜಗಡದಿಂದ ತೋರಣಾಕ್ಕೆ ಹೋಗುವ ಏಣಿನ (ಬೆಟ್ಟದ ನೆತ್ತಿಗುಂಟ ಸಾಗುವ) ದಾರಿಯಲ್ಲಿ ಇದು ಬೇಕಾದಷ್ಟಿದೆ. ಇಲ್ಲಿ ಜಾರುವುದು ಅಟ್ಟೆಯಡಿಯ ಹರಳು, ಆದ್ದರಿಂದ ರಬ್ಬರಿನ ಮೆದುತನಕ್ಕಿಂತ ಗುಬ್ಬಿಯ ಚೂಪು ಅಂಚು ಕೆಲಸಕ್ಕೆ ಬರುತ್ತದೆ. ಹಿಂದಕ್ಕೆ ವಾಲಿ ಹಿಮ್ಮಡಿಯ ಮೇಲೆ ಇಳಿದಷ್ಟೂ ಜಾರುತ್ತೀರಿ. ಮೊಣಕಾಲು ಸ್ವಲ್ಪ ಬಾಗಿಸಿ, ಪಾದ ಅಡ್ಡ ಇಟ್ಟು, ಸಣ್ಣ ಹೆಜ್ಜೆ ಹಾಕಿ. ಬುಡದ ಹಳ್ಳಿಯ ಜನ ಹಂಟರ್ ಬೂಟು ಎಂಬ ಅಗ್ಗದ ಕ್ಯಾನ್ವಾಸ್ ಬೂಟು ಹಾಕಿ ಇದೇ ಇಳಿಜಾರನ್ನು ಹೊರೆ ಹೊತ್ತು ಇಳಿಯುತ್ತಾರೆ. ಅವರ ಹಿಂದೆ ಹತ್ತು ನಿಮಿಷ ನಡೆದು ಅವರು ಕಾಲು ಎಲ್ಲಿಡುತ್ತಾರೆ ನೋಡಿ. ನಾನು ಕಲಿತದ್ದು ಹಾಗೆಯೇ.

ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿಗೆ, ಅಂದರೆ 1646 ಮೀಟರಿಗೆ, ಹೋಗುವ ದಾರಿಯಲ್ಲಿ ಕಬ್ಬಿಣದ ಏಣಿಗಳಿವೆ. ಒದ್ದೆ ಕಬ್ಬಿಣದ ಮೇಲೆ ಕೆಸರು ಅಂಟಿದ ಅಟ್ಟೆ ಇಡಬೇಡಿ. ಮೊದಲು ಕಲ್ಲಿಗೆ ಉಜ್ಜಿ, ಮುಂಗಾಲಿನಿಂದಲ್ಲ, ಪಾದದ ನಡುವಿನಿಂದ ಮೆಟ್ಟಿಲು ತುಳಿಯಿರಿ.

ಎಲ್ಲಿ ನಿಲ್ಲಬೇಕು? ಒಂದೇ ಗಂಟೆಯಲ್ಲಿ ಮೂರು ಸಲ ಜಾರಿದರೆ, ಮುಂದಿನ ದಾರಿಯಲ್ಲಿ ಒಂದು ಬದಿ ಪ್ರಪಾತವಿದ್ದರೆ, ಅಲ್ಲಿಂದಲೇ ತಿರುಗಿ. ಗಡ ಮುಂದಿನ ಭಾನುವಾರವೂ ಅಲ್ಲೇ ಇರುತ್ತದೆ.

ಅಟ್ಟೆ ಬಾಯಿ ಬಿಟ್ಟಿತು, ಪುಡಿಯಾಯಿತು

ನಮ್ಮ ಜೊತೆಯವರೊಬ್ಬರು ಒಳ್ಳೆಯ ಬೆಲೆಯ ಬೂಟನ್ನು ಎರಡು ಸಲ ಹಾಕಿ, ಆರು ವರ್ಷ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದರು. ರಾಜಗಡದ ಪದ್ಮಾವತಿ ಮಾಚಿ (ಗಡದ ಮೇಲಿನ ಸಮತಟ್ಟು) ತಲುಪುವಷ್ಟರಲ್ಲಿ ಎರಡೂ ಅಟ್ಟೆ ಕಳಚಿ ಬಂದವು, ನಡುವಿನ ಪದರ ಒಣ ರೊಟ್ಟಿಯಂತೆ ಪುಡಿಪುಡಿ. ಮೋಸ ಹೋದೆನೆಂದು ಅವರು ನೊಂದುಕೊಂಡರು. ಆದರೆ ಅದು ಮೋಸವಲ್ಲ. ಅನೇಕ ಬೂಟುಗಳ ನಡುಪದರ ಪಾಲಿಯುರೆಥೇನ್ ನೊರೆಯದು. ಗಾಳಿಯ ತೇವದೊಡನೆ ಅದು ಮೆಲ್ಲಗೆ ರಾಸಾಯನಿಕವಾಗಿ ಒಡೆಯುತ್ತದೆ. ಬಿಸಿ, ತೇವ ಹೆಚ್ಚಿದಷ್ಟೂ ಬೇಗ. ಮುಂಬೈ, ಕೊಂಕಣ, ಗೋವೆಯ ಹವೆಯಲ್ಲಿ ಮುಚ್ಚಿದ ಪೆಟ್ಟಿಗೆಯೇ ಅದಕ್ಕೆ ಶತ್ರು. ಬಳಸದೇ ಇಟ್ಟರೆ ಉಳಿಯುತ್ತದೆ ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯದು.

ಹೊರಡುವ ಹಿಂದಿನ ವಾರ ಅಟ್ಟೆಯ ಪಕ್ಕದ ಮೆದು ಭಾಗವನ್ನು ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ. ಸಣ್ಣ ಬಿರುಕು, ಅಂಟು ಅಥವಾ ಪುಡಿ ಕಂಡರೆ ಆ ಬೂಟು ಗುಡ್ಡಕ್ಕೆ ಬೇಡ. ಅಂಟು ಹಾಕಿದರೂ ನಿಲ್ಲುವುದಿಲ್ಲ, ಅಂಟು ಹಿಡಿಯಬೇಕಾದ ಪದರವೇ ಸತ್ತಿದೆ. ನಡುಪದರ ಗಟ್ಟಿಯಾಗಿದ್ದು ಬರೀ ಅಂಚು ಬಿಟ್ಟಿದ್ದರೆ ಮಾತ್ರ ದುರಸ್ತಿ ಸಾಧ್ಯ. ಪುಣೆಯ ಮೂಲೆಮೂಲೆಯಲ್ಲಿ ಚಪ್ಪಲಿ ಹೊಲಿಯುವವರು ಕೂತಿರುತ್ತಾರೆ. "ಸೋಲ್ ಶಿವೂನ್ ದ್ಯಾ" (ಅಟ್ಟೆ ಹೊಲಿದು ಕೊಡಿ) ಎಂದರೆ ಅಂಟು ಹಚ್ಚಿ ಸುತ್ತ ದಪ್ಪ ನೂಲಿನಿಂದ ಹೊಲಿದು ಕೊಡುತ್ತಾರೆ. ಬರೀ ಅಂಟು ಒಂದು ಮಳೆಗೆ, ಹೊಲಿಗೆ ಒಂದೆರಡು ವರ್ಷಕ್ಕೆ. ಹೊಲಿದ ತೂತಿನಿಂದ ನೀರು ಒಳಗೆ ಬರುತ್ತದೆ ಎಂಬುದು ನೆನಪಿರಲಿ.

ದಾರಿಯಲ್ಲೇ ಕಳಚಿದರೆ ಲೇಸಿನ ಮೇಲಿಂದ ಅಟ್ಟೆಯ ಕೆಳಗೆ ನೈಲಾನ್ ಹಗ್ಗವನ್ನು ಎರಡು ಕಡೆ ಬಿಗಿದು ಕಟ್ಟಿ, ಗಂಟು ಪಾದದ ಮೇಲಿರಲಿ. ಟೇಪು ಸುತ್ತಿದರೆ ಅಟ್ಟೆ ನುಣ್ಣಗಾಗುತ್ತದೆ, ಎಚ್ಚರ. ಮತ್ತೆ ಹತ್ತಬೇಡಿ, ಸುಲಭದ ದಾರಿಯಲ್ಲಿ ಇಳಿಯಿರಿ.

ಇನ್ನೊಂದು ಬಗೆಯ ನೊರೆ, ಇವಿಎ, ಪುಡಿಯಾಗುವುದಿಲ್ಲ, ತಗ್ಗಿಹೋಗುತ್ತದೆ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ನಡೆದ ಮೇಲೆ ಅದರ ಪುಟಿತ ಮುಗಿಯುತ್ತದೆ. ಬೂಟನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಂದು ಬದಿಗೆ ವಾಲಿದ್ದರೆ ನಿಮ್ಮ ಮೊಣಕಾಲು ನೋವಿಗೂ ಅದೇ ಕಾರಣವಿರಬಹುದು.

ಬೂಟಿನಲ್ಲಿ ನೀರು, ಕಾಲು ಬೆಳ್ಳಗೆ ಸುಕ್ಕು

ಮಳೆಗಾಲಕ್ಕೆ ವಾಟರ್‌ಪ್ರೂಫ್ ಬೂಟೇ ಬೇಕು ಎಂದುಕೊಂಡು ಕೊಂಡವರು ಹೆಚ್ಚು ನಿರಾಶರಾಗುವುದು ಇಲ್ಲಿ. ಲೋಣಾವಳೆಯ ಜುಲೈ ಮಳೆಯಲ್ಲಿ ನೀರು ಬರುವುದು ಮೇಲಿನಿಂದ, ಕಾಲಿನಗುಂಟ ಇಳಿದು. ಹೊರಗಿನ ನೀರು ಒಳಗೆ ಬಿಡದ ಪದರವೇ ಒಳಗಿನದನ್ನು ಹೊರಗೂ ಬಿಡುವುದಿಲ್ಲ. ಹಳ್ಳ ದಾಟುವ ಸಹ್ಯಾದ್ರಿಯ ಮಳೆಗೆ ನನ್ನ ಅಭಿಪ್ರಾಯ ಸ್ಪಷ್ಟ: ನೀರು ಹೋಗಿ ಬರುವ ಜಾಲರಿ ಬೂಟು, ಚೀಲದಲ್ಲಿ ಒಣ ಕಾಲುಚೀಲ ಎರಡು ಜೊತೆ. ವಾಟರ್‌ಪ್ರೂಫ್ ಹಿಮಕ್ಕೆ, ಚಳಿಯ ಇಬ್ಬನಿ ಹುಲ್ಲಿಗೆ ಸರಿ.

ಮನೆಗೆ ಬಂದು ಇನ್‌ಸೋಲ್ ತೆಗೆದು, ಹಳೆಯ ಪತ್ರಿಕೆ ತುರುಕಿ, ಫ್ಯಾನಿನಡಿ ಒಣಗಿಸಿ. ಒಲೆಯ ಪಕ್ಕ, ಸುಡುಬಿಸಿಲಲ್ಲಿ ಇಟ್ಟರೆ ಅಂಟು ಬಿಡುತ್ತದೆ. ಬೆರಳ ಸಂದಿಯಲ್ಲಿ ತುರಿಕೆ, ಬಿಳಿ ಸಿಪ್ಪೆ ಬಂದರೆ ಅದು ಶಿಲೀಂಧ್ರ. ಬೂಟು ಬದಲಿಸುವ ಮೊದಲು ಕಾಲಿಗೆ ಮದ್ದು ಮಾಡಿ.

ಕಾಲಲ್ಲಿ ಗಾಯವಿದ್ದಾಗ ಗದ್ದೆಯ ನೀರು, ನಗರದ ನಿಂತ ನೀರು ತುಳಿದರೆ ಇಲಿಜ್ವರದ ಭಯವಿದೆ. 2005ರ ಜುಲೈ ಪ್ರವಾಹದ ನಂತರ ಮುಂಬೈಯಲ್ಲಿ ಇದು ಹೆಚ್ಚಾಗಿ ಕಂಡಿತ್ತು. ನಡಿಗೆಯಾಗಿ ಕೆಲವು ವಾರಗಳೊಳಗೆ ಜ್ವರ, ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪು ಬಂದರೆ ನೀರು ತುಳಿದ ವಿಷಯವನ್ನು ವೈದ್ಯರಿಗೆ ಮರೆಯದೆ ಹೇಳಿ.

ರಾತ್ರಿ ಗಡದ ಮೇಲೆ ತಂಗಿದವರು ಬೆಳಿಗ್ಗೆ ಬೂಟು ತಲೆಕೆಳಗು ಮಾಡಿ ಕುಟ್ಟದೆ ಕಾಲು ಹಾಕಬೇಡಿ. ಕೊಂಕಣದ ಕೆಂಪು ಚೇಳಿನ ವಿಷ ಹೃದಯಕ್ಕೆ ತಾಗುವಂಥದ್ದು. ರಾಯಗಡದ ಬುಡದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಪ್ರಾಝೋಸಿನ್ ಔಷಧಿಯಿಂದ ಜೀವ ಉಳಿಸುವ ದಾರಿ ತೋರಿಸಿದರು. ಕಚ್ಚಿದರೆ ಮಂತ್ರ, ಬೇರು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಹೊರಡಿ.

ಬೂಟಿನದ್ದಲ್ಲದ ನೋವು

ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯಡಿ ಮುಳ್ಳು ಚುಚ್ಚಿದಂತಾಗಿ, ನಡೆದಂತೆ ಕಡಿಮೆಯಾದರೆ ಅದು ಅಂಗಾಲಿನ ನಾರುಪಟ್ಟಿಯ ಊತ. ಗುಡ್ಡ ಬಿಟ್ಟು, ಮೀನಖಂಡ ಎಳೆಯುವ ವ್ಯಾಯಾಮ ಮಾಡಿ. ಕೆಲವು ವಾರಗಳಲ್ಲಿ ತಗ್ಗದಿದ್ದರೆ ಮೂಳೆ ವೈದ್ಯರು.

ಪಾದ ಹೊರಳಿದಾಗ ತಕ್ಷಣ ಬೂಟು ಕಿತ್ತೊಗೆಯಬೇಡಿ. ನಡೆದೇ ಇಳಿಯಬೇಕಾದರೆ ಅದೇ ಆಸರೆ. ಬೆರಳು ಮರಗಟ್ಟಿದರೆ ಮಾತ್ರ ಸಡಿಲಿಸಿ. ನಾಲ್ಕು ಹೆಜ್ಜೆ ಭಾರ ಹಾಕಲಾಗದಿದ್ದರೆ, ಪಾದದ ಗಂಟಿನ ಎಲುಬನ್ನೇ ಒತ್ತಿದಾಗ ನೋವಿದ್ದರೆ ಎಕ್ಸ್‌ರೇ ಆಗುವವರೆಗೆ ಅದನ್ನು ಬರೀ ಉಳುಕು ಎನ್ನಬೇಡಿ, ಉಳುಕು ತೆಗೆಯುವವರಲ್ಲಿಗೂ ಒಯ್ಯಬೇಡಿ. ಇಳಿಸಲಾಗದಿದ್ದರೆ 112ಕ್ಕೆ ಅಥವಾ 108ಕ್ಕೆ ಕರೆ ಮಾಡಿ. ಸಿಗ್ನಲ್ ಏಣಿನ ಮೇಲೆ ಸಿಗುತ್ತದೆ, ಕಣಿವೆಯಲ್ಲಿ ಸಿಗುವುದು ಕಷ್ಟ.

ಎಲ್ಲ ನೋಡಿಯೂ ಹೊಸದೇ ಬೇಕಾದರೆ

ಹಳೆಯ ಜೋಡಿಯನ್ನು ಅಂಗಡಿಗೆ ಒಯ್ಯಿರಿ. ಎಲ್ಲಿ ಸವೆದಿದೆ, ಎಲ್ಲಿ ಒತ್ತಿತ್ತು ಎಂದು ತೋರಿಸಿ ಕೇಳಿ. ಟೇಕಡಿ ನಡಿಗೆಗೆ ಹಗುರ ಬೂಟು ಸಾಕು. ಒಂದು ದಿನದ ಗಡಕ್ಕೆ ಗುಬ್ಬಿಯ ಮೆದು ರಬ್ಬರಿನ ಗಿಡ್ಡ ಬೂಟು. ಬೆನ್ನಿಗೆ ಹತ್ತು ಕಿಲೋ ಹೊತ್ತು ಎರಡು ದಿನ ನಡೆಯುವವರಿಗೆ ಪಾದದ ಗಂಟು ಮುಚ್ಚುವಂಥದ್ದು. ಎರಡೂ ಕೈಯಲ್ಲಿ ಹಿಡಿದು ಮಡಚಿ ನೋಡಿ: ಬೆರಳ ಬುಡದಲ್ಲಿ ಬಾಗಬೇಕು, ನಡುವಿನಲ್ಲಿ ಮಡಿಯಬಾರದು. ಮನೆಯೊಳಗೆ ಎರಡು ಸಂಜೆ ಹಾಕಿ ಓಡಾಡಿ, ಬಿಲ್ಲು, ಪೆಟ್ಟಿಗೆ ಎಸೆಯಬೇಡಿ. ಒಳಗೆ ಸರಿ ಎನಿಸಿದ ಮೇಲೆ ಊರೊಳಗಿನ ಪರ್ವತಿ ಗುಡ್ಡದ ಮೆಟ್ಟಿಲು ಎರಡು ಸಲ ಹತ್ತಿ ಇಳಿಯಿರಿ. ಇಳಿಯುವಾಗ ಬೆರಳು ತಾಗದಿದ್ದರೆ, ಹಿಮ್ಮಡಿ ಬಿಸಿಯಾಗದಿದ್ದರೆ, ಮುಂದಿನ ಭಾನುವಾರ ಸಿಂಹಗಡ.